ಕೇಳದೆ ಕೊಟ್ಟ ನೀರು

ಕಾಲು ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಮಾಡಿಕೊಡುತ್ತದೆ. ಕೆನ್ನೆ ಊದಿಕೊಂಡರೆ ಕೆಲವು ದಿನ ಮುಖ ವಿಕಾರವಾಗುತ್ತದೆ, ಅಷ್ಟೆ. ಮಿದುಳಿಗೆ ಈ ಅನುಕೂಲವಿಲ್ಲ. ಅದು ಊದಿಕೊಂಡಾಗ ಸುತ್ತಲಿನ ಬುರುಡೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಒಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ರಕ್ತನಾಳಗಳನ್ನೇ ಹಿಸುಕುತ್ತದೆ. ರಕ್ತ ಸಿಗದ ಜೀವಕೋಶಗಳು ಇನ್ನಷ್ಟು ಊದಿಕೊಳ್ಳುತ್ತವೆ. ತನ್ನನ್ನು ಕಾಯಲೆಂದು ಕಟ್ಟಿದ ಕೋಟೆಯೊಳಗೇ ಮಿದುಳು ಉಸಿರುಗಟ್ಟಿ ಸಾಯುತ್ತದೆ.

ಹಾಗಾಗಬಾರದೆಂದು ಪ್ರಕೃತಿ ಒಂದು ಕಾವಲನ್ನು ಇಟ್ಟಿದೆ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಬೆಸೆದುಕೊಂಡಿವೆಯೆಂದರೆ, ರಕ್ತದಲ್ಲಿ ಹರಿಯುವ ಸಾವಿರ ಪದಾರ್ಥಗಳಲ್ಲಿ ಆಯ್ದ ಕೆಲವಕ್ಕೆ ಮಾತ್ರ ಒಳಗೆ ಪ್ರವೇಶ. ಇದಕ್ಕೆ ರಕ್ತ-ಮಿದುಳು ತಡೆ ಎಂದು ಹೆಸರು. ತಲೆಗೆ ಪೆಟ್ಟು ಬಿದ್ದಾಗ ಈ ಬೆಸುಗೆಗಳು ಸಡಿಲವಾಗುತ್ತವೆ. ರಕ್ತದ ಸಾರ ಒಳಗೆ ಜಿನುಗುತ್ತದೆ, ಅದರ ಬೆನ್ನು ಹಿಡಿದು ನೀರು ಬರುತ್ತದೆ, ಊತ ಆರಂಭವಾಗುತ್ತದೆ.

ಸಡಿಲವಾದ ಬೆಸುಗೆಯನ್ನು ಹೊರಗಿನಿಂದ ಮತ್ತೆ ಬಿಗಿಯುವಂತಿದ್ದರೆ? ಧಾರವಾಡದ ಹೊರವಲಯದ ಮಿದುಳು ಸಂಶೋಧನಾ ಕೇಂದ್ರದಲ್ಲಿ ಡಾ. ಗಿರಿಜಾ ಮುನವಳ್ಳಿ ತಮ್ಮ ಯೌವನವನ್ನೆಲ್ಲ ಈ ಒಂದು ಪ್ರಶ್ನೆಗೆ ಒಪ್ಪಿಸಿದ್ದರು. ಅದರ ಉತ್ತರವಾಗಿ ಹುಣಸೆಬೀಜದ ಗಾತ್ರದ ಒಂದು ಯಂತ್ರ ಹುಟ್ಟಿತು. ಕಿವಿಯ ಹಿಂದೆ, ಚರ್ಮದ ಅಡಿಯಲ್ಲಿ ಅದನ್ನು ಕೂರಿಸುತ್ತಿದ್ದರು. ಕಿವಿಗೆ ಕೇಳಿಸದ ಕಂಪನಗಳಿಂದ ಅದು ರಕ್ತನಾಳದ ಕೋಶಗಳನ್ನು ತಟ್ಟಿ ಎಚ್ಚರಿಸುತ್ತಿತ್ತು. ಎಚ್ಚೆತ್ತ ಕೋಶಗಳು ತಮ್ಮ ಅಂಚುಗಳನ್ನು ತಾವೇ ಬೆಸೆದುಕೊಳ್ಳುತ್ತಿದ್ದವು. ಸಂಧಿಗಳನ್ನು ಕಾಯುವ ಆ ಯಂತ್ರಕ್ಕೆ ಗಿರಿಜಾ ‘ಸಂಧಿಪಾಲ’ ಎಂದು ಹೆಸರಿಟ್ಟಿದ್ದರು.

ಸಂಧಿಪಾಲದಿಂದ ಬದುಕುಳಿದ ಮೊದಲ ಕೆಲವರಲ್ಲಿ ಕಲ್ಲಗೋನಾಳದ ಯಮನಪ್ಪ ಹೆಳವರ ಒಬ್ಬ. ಮನೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ತಪ್ಪದಂತೆ ಹೇಳುವುದು ಅವನ ಕುಲದ ಕಸುಬು. ಅವನ ಅಜ್ಜ ಎತ್ತಿನ ಮೇಲೆ ಕುಳಿತು ಊರೂರು ತಿರುಗಿದ್ದ. ಯಮನಪ್ಪ ಬ್ಯಾಟರಿ ಗಾಡಿಯ ಮೇಲೆ ತಿರುಗುತ್ತಿದ್ದ. ವಂಶಾವಳಿಗಳೆಲ್ಲ ಗಣಕದೊಳಗೆ ಸೇರಿದ ಆ ಕಾಲದಲ್ಲೂ ಜನ ಅವನಿಗಾಗಿ ಕಾಯುತ್ತಿದ್ದರು. ತಮ್ಮ ಮುತ್ತಜ್ಜನ ಹೆಸರನ್ನು ಇನ್ನೊಬ್ಬನ ಬಾಯಿಂದ, ತಮ್ಮದೇ ಹೊಸ್ತಿಲಲ್ಲಿ ನಿಂತು ಕೇಳುವ ಸುಖವೇ ಬೇರೆ. ಕಾಲುವೆಯ ಸೇತುವೆಯ ಮೇಲೆ ಅವನ ಗಾಡಿ ಜಾರಿ ತಲೆ ಕಲ್ಲಿಗೆ ಬಡಿದಾಗ, ಒಬ್ಬ ಮನುಷ್ಯನ ಜೊತೆಗೆ ನೂರಾರು ಮನೆತನಗಳ ನೆನಪೂ ಅಪಾಯದಲ್ಲಿತ್ತು. ಸಂಧಿಪಾಲ ಊತವನ್ನು ತಡೆಯಿತು. ಯಮನಪ್ಪ ಕಣ್ಣು ಬಿಟ್ಟ. ನಾಲಿಗೆ ತಿರುಗಿದ ಕೂಡಲೇ ಪಕ್ಕದ ಹಾಸಿಗೆಯವನ ಮನೆತನ ಯಾವುದೆಂದು ವಿಚಾರಿಸಿದ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಕೇಂದ್ರದಲ್ಲಿ ಹಬ್ಬವೇ ಆಗಬೇಕಿತ್ತು.

*

“ಅಂಗಡಿ ಮನೆತನ ಹೇಳಿ, ಯಮನಪ್ಪ. ನಿಧಾನಕ್ಕೆ ಹೇಳಿ.”

ಗಾಜಿನ ಗೋಡೆಯ ಈಚೆ, ಪರದೆಗಳು ಮಿನುಗುವ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಕೇಂದ್ರದ ನಿರ್ದೇಶಕ ಡಾ. ವಾಸುದೇವ ಕೆದ್ಲಾಯರು ಕೇಳಿದರು. ಆಚೆಯ ವೀಕ್ಷಣಾ ಕೊಠಡಿಯಲ್ಲಿ ಮಂಚದ ಅಂಚಿಗೆ ಕುಳಿತಿದ್ದ ಯಮನಪ್ಪ ಬಾಯಿ ತೆರೆದ.

“ಅಂಗಡಿಯವರ ಮೂಲ ಪುರುಷ ಗುರಪ್ಪ. ಗುರಪ್ಪನ ಮಗ... ಗುರಪ್ಪನ ಮಗ...” ಅವನ ಕೈ ಮಂಚದ ಪಟ್ಟಿಯನ್ನು ತಡಕಾಡಿತು. “ಏ, ಬಿಡ್ರಿ! ಹಗಲೆಲ್ಲಾ ಅದನ್ನ ಕೇಳ್ತೀರಿ!”

ಅವನು ಸಿಡುಕುವ ಮನುಷ್ಯನಲ್ಲ. ಕೆದ್ಲಾಯರ ಪಕ್ಕದಲ್ಲಿ ಕುಳಿತಿದ್ದ ಗಿರಿಜಾ ಕಣ್ಣು ಕೆಳಗಿಳಿಸಿದರು.

ತಪಾಸಣೆಗೆಂದು ಯಮನಪ್ಪ ಬಂದಾಗಲೆಲ್ಲ ಇದೇ ಕತೆ. ಊರಿನಿಂದ ನಗುನಗುತ್ತ ಬರುತ್ತಿದ್ದ. ವೀಕ್ಷಣಾ ಕೊಠಡಿಯಲ್ಲಿ ಕೆಲವು ದಿನ ಕಳೆಯುವಷ್ಟರಲ್ಲಿ ಮಂಕಾಗುತ್ತಿದ್ದ, ಹೆಸರುಗಳನ್ನು ತಪ್ಪುತ್ತಿದ್ದ. ರಕ್ತ ಪರೀಕ್ಷಿಸಿದರೆ ಉಪ್ಪಿನ ಅಂಶ ಮಿತಿಮೀರಿರುತ್ತಿತ್ತು; ಅದೂ ಯಂತ್ರದ್ದೇ ದೋಷವೆಂದು ಎಲ್ಲರೂ ಬಗೆದಿದ್ದರು. ಅವನನ್ನು ಒಪ್ಪಿಸಿ ರಕ್ತನಾಳಕ್ಕೆ ದ್ರವ ಹರಿಸಿ ಅದನ್ನು ಇಳಿಸಿದರೆ, ಮರುದಿನದ ಚಿತ್ರದಲ್ಲಿ ಮಿದುಳು ತುಸು ಊದಿಕೊಂಡಿರುವುದು ಕಾಣುತ್ತಿತ್ತು. ಕೆಲವು ದಿನ ಇರಿಸಿಕೊಂಡು ಊರಿಗೆ ಕಳಿಸಿದರೆ ಅಲ್ಲಿ ಮತ್ತೆ ಲವಲವಿಕೆ.

“ನನಗೆ ನಿಮ್ಮ ಯಂತ್ರದ ಮೇಲೆ ದ್ವೇಷ ಇಲ್ಲ ಮಾರಾಯ್ರೆ,” ಎಂದರು ಕೆದ್ಲಾಯರು. ಕರಾವಳಿಯಿಂದ ಬಂದು ಧಾರವಾಡದಲ್ಲಿ ನೆಲೆ ನಿಂತರೂ ಅವರ ಮಾತು ಸಮುದ್ರದ ದಡ ಬಿಟ್ಟಿರಲಿಲ್ಲ. “ಆದರೆ ಚಿತ್ರದಲ್ಲಿ ಊತ ಉಂಟು. ಊತ ತಡೆಯಲಿಕ್ಕೆ ಇಟ್ಟ ಯಂತ್ರವೇ ಊತ ತರುವುದಾದರೆ ಅದನ್ನು ಒಳಗೆ ಯಾಕೆ ಬಿಡಬೇಕು? ತೆಗೆಯುವುದು ಅಂತ ಕೇಂದ್ರದ ಸಮಿತಿ ತೀರ್ಮಾನ ಮಾಡಿ ಆಯಿತು.”

“ತೆಗೆದರೆ ಹಳೆಯ ಪೆಟ್ಟಿನ ಜಾಗದ ಬೆಸುಗೆ ಮತ್ತೆ ಬಿಡಬಹುದು ಸರ್. ಆಗ ಬರುವ ಊತವನ್ನು ತಡೆಯಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಆತ ಬದುಕುವ ಭರವಸೆ ನನಗಿಲ್ಲ.”

“ಇಟ್ಟರೆ ಬದುಕುತ್ತಾನೆ ಅನ್ನುವ ಭರವಸೆ ಉಂಟಾ ನಿಮಗೆ?”

ಗಿರಿಜಾ ಮರುಪ್ರಶ್ನೆ ಹಾಕಿದರು: “ಊರಿನಲ್ಲಿ ಯಾಕೆ ಚೆನ್ನಾಗಿರುತ್ತಾನೆ?”

“ಚೆನ್ನಾಗಿದ್ದಾನೆ ಅಂತ ಹೇಳುವುದು ಅವನ ಹೆಂಡತಿ. ಹೆಂಡತಿಯ ಮಾತು ಅಳತೆ ಅಲ್ಲವಲ್ಲ.”

“ಹಾಗಾದರೆ ಅಳೆದುಕೊಂಡು ಬರುತ್ತೇನೆ. ಈ ಬಾರಿ ಅವನು ಸುಧಾರಿಸಿದ ಮೇಲೆ ಊರಿಗೆ ಕಳಿಸಿ. ನಾನೂ ಜೊತೆಗೆ ಹೋಗುತ್ತೇನೆ. ನಾನು ಬರಿಗೈಲಿ ಬಂದರೆ ನೀವು ಹೇಳಿದಂತೆ ಆಗಲಿ.”

ಕೆದ್ಲಾಯರು ಗಾಜಿನ ಆಚೆ ನೋಡಿದರು. ಆ ಕೊಠಡಿಯ ಗೋಡೆಯಲ್ಲಿ ಹಿತ್ತಾಳೆ ಬಣ್ಣದ ಒಂದು ನಲ್ಲಿ, ಅದರ ಕೆಳಗೆ ಒಂದು ಬಟ್ಟಲು ಇದ್ದವು. ರೋಗಿ ‘ನೀರು’ ಎಂದರೆ ಸಾಕು, ಗೋಡೆ ಅದನ್ನು ಕೇಳಿಸಿಕೊಂಡು ಬಟ್ಟಲು ತುಂಬುತ್ತಿತ್ತು. ‘ಊಟ’ ಎಂದರೆ ಊಟ ಬರುತ್ತಿತ್ತು. ರೋಗಿ ಕೋರದೆ ಅವನ ಮೇಲೆ ಏನನ್ನೂ ಹೇರಕೂಡದೆಂಬುದು ಆ ಕಾಲದ ಆಸ್ಪತ್ರೆಗಳ ಮೊದಲ ನಿಯಮ. ಒಲ್ಲೆನೆಂದವರ ಬಾಯಿಗೂ ತುರುಕಿ, ಬೇಡವೆಂದವರ ಕೈಗೂ ಸೂಜಿ ಚುಚ್ಚಿದ ಹಿಂದಿನ ದಿನಗಳ ಒರಟುತನಕ್ಕೆ ಬೇಸತ್ತು ಸುಸಂಸ್ಕೃತ ಸಮಾಜವೊಂದು ಮಾಡಿಕೊಂಡ ಒಳ್ಳೆಯ ನಿಯಮವದು. ರೋಗಿಗಳ ಜೊತೆಯವರಿಗೂ ಒಳಗೆ ಪ್ರವೇಶವಿರಲಿಲ್ಲ.

ಗೋಡೆಯ ಬಟ್ಟಲು ಒಣಗಿತ್ತು. ಅದನ್ನು ಇಬ್ಬರೂ ನೋಡಿದರು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

“ಹೋಗಿ ಬನ್ನಿ,” ಎಂದರು ಕೆದ್ಲಾಯರು.

*

ಕಲ್ಲಗೋನಾಳ ಕೆಂಪು ಬಂಡೆಗಳ ಬುಡದಲ್ಲಿ ಹರಡಿದ ಊರು. ಬೆಳಿಗ್ಗೆಯೇ ಬಂಡೆಗಳು ಕಾಯಲು ತೊಡಗಿ, ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹಂಚಿನ ಮೇಲೆ ಕುಳಿತಂತಾಗುತ್ತಿತ್ತು. ಯಮನಪ್ಪನ ಮನೆಯ ಕಟ್ಟೆಯ ಮೇಲೆ ಗಿರಿಜಾ ಕಾಲಿಡುವುದರೊಳಗೆ ಅವನ ಹೆಂಡತಿ ದುರಗವ್ವ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ಹೆಂಟೆ ಬೆಲ್ಲ ತಂದಿಟ್ಟಳು.

“ಮೊದಲ ನೀರ ಕುಡೀರಿ ಡಾಕ್ಟರಬಾಯಾರ. ಮಾತು ಆಮ್ಯಾಲ.”

“ನನಗೇನೂ ಬೇಡವ್ವಾ, ಗಾಡಿಯಾಗ ಕುಡದ ಬಂದೇನಿ.”

“ಬೇಕೋ ಬ್ಯಾಡೋ ಅಂತ ಯಾರು ಕೇಳಿದ್ರಿ ನಿಮ್ಮನ್ನ? ಬಿಸಲಾಗಿಂದ ಬಂದೀರಿ, ಕುಡೀರಿ.”

ಮುನವಳ್ಳಿಯ ತಮ್ಮ ತಾಯಿಯ ದನಿಯೇ ಕೇಳಿದಂತಾಗಿ ಗಿರಿಜಾ ಬೆಲ್ಲ ಕಚ್ಚಿ ನೀರು ಕುಡಿದರು. ಇನ್ನೊಂದು ತಂಬಿಗೆ ಗಂಡನ ಕೈಗೆ ಬಂತು. ಅವನು ಅದನ್ನು ತಲೆಯೆತ್ತಿ, ತುಟಿಗೆ ತಾಕಿಸದೆ, ಗಟಗಟನೆ ಖಾಲಿ ಮಾಡಿದ.

ಮರುದಿನ ಗಿರಿಜಾ ಅವನ ಜೊತೆ ತಿರುಗಿದರು. ಮೊದಲು ಅಂಗಡಿಯವರ ಮನೆ. ಸಿದ್ಲಿಂಗವ್ವ ಅಂಗಡಿ ಬಾಗಿಲಿಗೆ ಬಂದು ಸೆರಗು ಹೊದ್ದು ನಿಂತಳು. ಯಮನಪ್ಪ ಹೆಗಲ ವಸ್ತ್ರ ಸರಿಪಡಿಸಿಕೊಂಡು, ಕಣ್ಣು ಅರೆಮುಚ್ಚಿ, ಒಂದೇ ಉಸಿರಿಗೆ ಹೇಳತೊಡಗಿದ. ಮೂಲ ಪುರುಷ ಗುರಪ್ಪ. ಗುರಪ್ಪನ ಮಗ ಚನಮಲ್ಲಪ್ಪ. ಬರಗಾಲದಲ್ಲಿ ಊರು ಬಿಟ್ಟು ಬಂದು ಇಲ್ಲಿ ಅಂಗಡಿ ಹೂಡಿದವನು ಅವನೇ. ಅವನ ಮಕ್ಕಳು, ಆ ಮಕ್ಕಳ ಮಕ್ಕಳು, ಹುಟ್ಟಿ ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳು ಸಹ. ಕೇಂದ್ರದಲ್ಲಿ ಎರಡನೆಯ ಹೆಸರಿಗೇ ಎಡವಿದ್ದ ನಾಲಿಗೆ ಇದೇ ಏನು ಎಂದು ಗಿರಿಜಾ ಬೆರಗಾದರು.

“ನನ್ನ ಹೆಸರ ಬಿಟ್ಟೀಯಲ್ಲೋ ಯಮನಪ್ಪಾ?” ಎಂದಳು ಸಿದ್ಲಿಂಗವ್ವ.

“ಇದ್ದವರ ಹೆಸರ ಕಡೀಕ ಹೇಳೂದ್ರಿ ಅಕ್ಕಾರ. ಅಷ್ಟ ಅವಸರ ಇದ್ರ ಮೊದಲಿನ ಸಾಲಿಗೆ ಹಾಕ್ಲ್ಯಾ?”

“ಹಾಕಿದ್ರ ನೋಡ ಮತ್ತ! ಬಾ, ಕುಂದರ ಬಾ, ನೀರ ಕುಡಿ.”

ಅಲ್ಲಿಯೂ ನೀರು, ಬೆಲ್ಲ. ಮುಂದಿನ ಮನೆಯಲ್ಲಿ ಮಜ್ಜಿಗೆ, ಅದರ ಮುಂದಿನ ಮನೆಯಲ್ಲಿ ಮತ್ತೆ ನೀರು. ಯಾರೂ ಬೇಕೇ ಎಂದು ಕೇಳುತ್ತಿರಲಿಲ್ಲ, ತಂದಿಡುತ್ತಿದ್ದರು. ಇವನು ಬೇಡವೆನ್ನುತ್ತಿರಲಿಲ್ಲ; ಕುಡಿಯುತ್ತಿದ್ದ. ಗಿರಿಜಾ ಸಂಜೆ ಅವನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕೈಯಲ್ಲಿದ್ದ ಸಣ್ಣ ಯಂತ್ರಕ್ಕೆ ತಾಕಿಸಿದರು. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿದೆ ಎಂಬುದೇ ಅವರನ್ನು ಕಂಗೆಡಿಸಿತು. ಹೀಗೇ ಹಿಂದಿರುಗಿದರೆ ಕೆದ್ಲಾಯರಿಗೆ ಹೇಳುವುದೇನು? ಕೇಂದ್ರದ ಗಾಳಿಯಲ್ಲಿ ದೋಷವೇ? ಮಂಚದಲ್ಲಿಯೇ?

ಗಿರಿಜಾ ಹೊರಡಬೇಕೆಂದುಕೊಂಡಿದ್ದ ದಿನ ಸಂತೆ. ದೂರದ ಒಂದು ಸಣ್ಣ ಊರಿಗೆ ಹೊರಟಿದ್ದ ಯಮನಪ್ಪ, “ಬರ್ರಿ, ಅದೊಂದ ಊರು ತೋರಿಸಿಬಿಡತೇನಿ,” ಎಂದ. ದುರಗವ್ವ ಗಾಡಿಯ ಚೀಲದಲ್ಲಿ ನೀರಿನ ಬಾಟಲಿ ಇಟ್ಟಳು. ಅಲ್ಲಿಗೆ ಮುಟ್ಟಿದರೆ ಊರಿಗೆ ಊರೇ ಸಂತೆಗೆ ಹೋಗಿತ್ತು. ಬಾಗಿಲುಗಳಿಗೆಲ್ಲ ಬೀಗ. ಕಟ್ಟೆಯ ಮೇಲೆ ಒಂದು ನಾಯಿ ಕೂಡ ಇರಲಿಲ್ಲ.

“ಬಂದೇ ಬರತಾರ ತಗೋರಿ,” ಎಂದು ಅವನು ಬೇವಿನ ಗಿಡದ ಬುಡದಲ್ಲಿ ಕುಳಿತ. ಬಿಸಿಲು ಏರಿತು. ಗಿರಿಜಾ ತಮ್ಮ ಬಾಟಲಿಯನ್ನು ಖಾಲಿ ಮಾಡಿ, ಕೊನೆಯ ಹನಿಯನ್ನೂ ಅಲುಗಾಡಿಸಿ ಕುಡಿದರು. ಜನ ಬರಲಿಲ್ಲ. ಮಧ್ಯಾಹ್ನ ಜಾರತೊಡಗಿದಾಗ, ಕಾಲಹರಣಕ್ಕೆಂದು ಅವರು ಈ ಊರಿನ ಗೌಡರ ಮನೆತನ ಹೇಳಲು ಕೇಳಿದರು.

ಯಮನಪ್ಪ ಆರಂಭಿಸಿದ, ಎರಡು ಹೆಸರು ಹೇಳಿ ನಿಂತ. ಮತ್ತೆ ಮೊದಲಿನಿಂದ ಆರಂಭಿಸಿದ. ಮತ್ತೆ ನಿಂತ. ಮುಖ ಗಂಟಿಕ್ಕಿತು. “ಏ, ಸುಮ್ಕಿರ್ರಿ ಬಾಯಾರ! ಹಗಲೆಲ್ಲಾ...”

ಗಾಜಿನ ಗೋಡೆಯ ಆಚೆ ಕೇಳಿದ ಅದೇ ದನಿ, ಅದೇ ಸಿಡುಕು. ಕೇಂದ್ರದ ಗಾಳಿ ಇಲ್ಲಿಲ್ಲ, ಮಂಚವಿಲ್ಲ. ಗಿರಿಜಾ ರಕ್ತದ ಹನಿ ತೆಗೆದು ನೋಡಿದರು. ಉಪ್ಪು ಏರಿತ್ತು.

ಅವರು ಎದ್ದು ಗಾಡಿಯ ಚೀಲ ತೆರೆದರು. ದುರಗವ್ವ ತುಂಬಿ ಕೊಟ್ಟ ಬಾಟಲಿ ತುಂಬಿದಂತೆಯೇ ಇತ್ತು. ಮುಚ್ಚಳ ಕೂಡ ತಿರುಗಿರಲಿಲ್ಲ.

“ಯಮನಪ್ಪಾ, ಬಾಯಿ ಒಣಗಿಲ್ಲೇನು ನಿನಗ?”

ಅವನು ನಾಲಿಗೆಯನ್ನು ತುಟಿಯ ಮೇಲೆ ಆಡಿಸಿ ಯೋಚಿಸಿದ. “ಒಣಗೈತ್ರಿ.”

“ಹಂಗಾದ್ರ ನೀರು ಬೇಕು ಅನಸಲಿಲ್ಲೇನು?”

“ಇಲ್ರಿ. ಬಾಯಿ ಒಣಗೂದಕ್ಕೂ ನೀರಿಗೂ ಏನೋ ಸಂಬಂಧ ಇತ್ತಲ್ರಿ ಮೊದಲ? ಅದೇನಂಬೂದು ಈಗ ತಿಳೀವಲ್ದು.”

“ಆಸ್ಪತ್ರಿಯೊಳಗ ಗ್ವಾಡಿ ನೀರು ಕೊಡತಿತ್ತು. ಯಾಕ ಕೇಳಲಿಲ್ಲ?”

“ನಮ್ಮಪ್ಪ ಹೇಳಿದ್ದು ಒಂದ ಮಾತರಿ. ಮಂದಿ ಬಾಗಲಿಗೆ ಹ್ವಾದಾಗ ಕೊಟ್ಟದ್ದನ್ನ ಹರಸಿ ತಗೋಬೇಕು. ಬಾಯಿ ಬಿಟ್ಟು ಕೇಳಬಾರದು. ಹಂಗಾಗಿ ಕೇಳಲಿಲ್ಲ ಅನ್ಕೊಂಡಿದ್ನಿ. ಈಗ ನೀವ ಕೇಳಿದ ಮ್ಯಾಲ ನೋಡಿದ್ರ, ಹಸಿವಿ ತಡೀಲಾರದ ಊಟ ಕೇಳೇನಿ, ನೀರು ಕೇಳಬೇಕಂತ ಮನಸಿಗೇ ಬಂದಿಲ್ರಿ.”

ಗಿರಿಜಾ ಬಾಟಲಿಯನ್ನು ಅವನ ಕೈಗೆ ಕೊಟ್ಟರು. ಅವನು ಅಭ್ಯಾಸದಂತೆ ತಲೆಯೆತ್ತಿ ಒಮ್ಮೆಲೇ ಸುರಿದುಕೊಳ್ಳಲು ಹೋದಾಗ ತಡೆದರು.

“ಒಂದೊಂದ ಗುಟುಕು. ನಿಧಾನಕ್ಕ. ಬತ್ತಿದ ಮಿದುಳಿಗೆ ಒಮ್ಮೆಲೆ ನೀರು ಬಂದ್ರ ಅದು ಊದಿಕೊಳ್ತದ.”

ತಮ್ಮ ಬಾಯಿಂದ ಬಂದ ಮಾತನ್ನು ತಾವೇ ಕೇಳಿಸಿಕೊಂಡು ಅವರು ಬೇವಿನ ಬುಡದಲ್ಲಿ ಅವನ ಪಕ್ಕ ಕುಳಿತರು. ಚಿತ್ರಗಳಲ್ಲಿ ಕಂಡ ಊತ ಎಲ್ಲಿಂದ ಬಂತೆಂಬುದು ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು. ಯಂತ್ರ ಸೋತಿರಲಿಲ್ಲ. ನೀರಿಲ್ಲದೆ ಬಳಲಿದವನ ನಾಳಕ್ಕೆ ಅವಸರದಿಂದ ದ್ರವ ಹರಿಸಿ, ಆ ಊತವನ್ನು ಕೇಂದ್ರವೇ ತಂದಿತ್ತು.

*

“ಮನುಷ್ಯ ನೀರು ಕುಡಿಯಲಿಕ್ಕೆ ಮರೆಯುವುದುಂಟಾ?” ಕೆದ್ಲಾಯರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

“ಮರೆತದ್ದಲ್ಲ ಸರ್. ಬಾಯಾರಿಕೆಯೇ ಇಲ್ಲ. ಅದನ್ನು ನಾನೇ ಮುಚ್ಚಿಬಿಟ್ಟೆ.”

ಮಿದುಳಿನ ಕೋಟೆಯಲ್ಲಿ ಪ್ರಕೃತಿ ಬೇಕೆಂದೇ ತೆರೆದಿಟ್ಟ ಕೆಲವು ಸಣ್ಣ ಕಿಟಕಿಗಳಿವೆ. ಅಲ್ಲಿನ ರಕ್ತನಾಳಗಳಲ್ಲಿ ಬೆಸುಗೆ ಬಿಗಿಯಾಗಿಲ್ಲ. ಆ ಕಿಟಕಿಗಳ ಮೂಲಕ ಮಿದುಳು ರಕ್ತದ ರುಚಿ ನೋಡುತ್ತದೆ. ಉಪ್ಪು ಹೆಚ್ಚಾಯಿತೆಂದು ಅಲ್ಲಿಂದ ಸುದ್ದಿ ಹೋದಾಗ ನಮಗೆ ನೀರು ಬೇಕೆನಿಸುತ್ತದೆ. ಸಂಧಿಪಾಲಕ್ಕೆ ಒಡೆದ ಬೆಸುಗೆಗೂ ತೆರೆದಿಟ್ಟ ಕಿಟಕಿಗೂ ವ್ಯತ್ಯಾಸ ತಿಳಿದಿರಲಿಲ್ಲ. ನಿಷ್ಠಾವಂತ ಕಾವಲುಗಾರನಂತೆ ಅದು ಎಲ್ಲವನ್ನೂ ಮುಚ್ಚಿತ್ತು. ಊರಿನಲ್ಲಿ ಆ ಕೊರತೆಯನ್ನು ಜನ ತಮಗೆ ಅರಿವಿಲ್ಲದೆಯೇ ತುಂಬಿದ್ದರು. ಯಮನಪ್ಪನ ಬಾಯಾರಿಕೆ ಅವನೊಳಗೆ ಸತ್ತಿತ್ತು. ಸಿದ್ಲಿಂಗವ್ವನ ತಂಬಿಗೆಯಲ್ಲಿ, ದುರಗವ್ವನ ಗದರಿಕೆಯಲ್ಲಿ ಬದುಕಿತ್ತು.

ಕೆದ್ಲಾಯರು ತಾವೇ ಪರದೆಯ ಮೇಲೆ ಸಂಧಿಪಾಲ ಪಡೆದ ಇತರರ ವಿವರಗಳನ್ನು ತೆರೆದರು. ತುಂಬಿದ ಮನೆಗಳಲ್ಲಿದ್ದವರು ಚೆನ್ನಾಗಿದ್ದರು. ಒಂಟಿಯಾಗಿ ವಾಸಿಸುವವರು ಒಬ್ಬರ ಹಿಂದೊಬ್ಬರು ಬಳಲಿದ್ದರು. ಯಾರೂ ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಅವರು ಮೊದಲು ಮಾಡಿದ ಕೆಲಸವೆಂದರೆ ಆ ಒಂಟಿ ಜೀವಿಗಳಿಗೆಲ್ಲ ಖುದ್ದಾಗಿ ಕರೆ ಮಾಡಿ, ನೀರಿನ ಲೋಟ ಕೈಗೆತ್ತಿಕೊಳ್ಳಿ, ಸ್ವಲ್ಪ ಸ್ವಲ್ಪವೇ ಕುಡಿಯಿರಿ ಎಂದು ಹೇಳಿದ್ದು.

“ಆದರೂ ಸಮಿತಿಗೆ ಕಣ್ಣಾರೆ ತೋರಿಸಬೇಕಲ್ಲ,” ಎಂದರು ಕೊನೆಗೆ. “ಇಲ್ಲಿಯೇ, ಇದೇ ಕೊಠಡಿಯಲ್ಲಿ ಅವನು ಚೆನ್ನಾಗಿರುವುದು ಅವರು ನೋಡಬೇಕು. ಕೋರದೆ ಕೊಡಲಿಕ್ಕೆ ನಮಗೆ ನಿಯಮ ಇಲ್ಲ.”

“ಆ ನಿಯಮ ಸಿಬ್ಬಂದಿಗೆ ಸರ್. ದುರಗವ್ವ ಸಿಬ್ಬಂದಿಯಲ್ಲ. ಅವಳನ್ನು ಒಳಗೆ ಬಿಡಲು ನಿಮ್ಮ ಒಂದು ಅಪ್ಪಣೆ ಸಾಕು.”

ಕೆದ್ಲಾಯರು ನಕ್ಕರು. “ಹೆಂಡತಿಯರಿಗೆ ನಿಯಮ ಮಾಡುವಷ್ಟು ಧೈರ್ಯ ಯಾವ ಸಮಿತಿಗೂ ಬಂದಿಲ್ಲ. ಕರೆಸಿ.”

ಹಾಗೆ ದುರಗವ್ವ ತಂಬಿಗೆ, ಬೆಲ್ಲದ ಡಬ್ಬಿಗಳ ಸಮೇತ ವೀಕ್ಷಣಾ ಕೊಠಡಿಗೆ ಬಂದಳು. ಗೋಡೆಯ ನಲ್ಲಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಇದೇನ್ರಿ ಬಾಯಾರ, ಕೇಳಿದ್ರ ಅಷ್ಟ ಕೊಡತೈತಂತ?”

“ಹೌದವ್ವಾ.”

“ಇಂಥಾ ಮನಿಗೆ ಯಾರ ಬರತಾರ್ರಿ?” ಎಂದು ಅವಳು ನಲ್ಲಿಗೆ ಬೆನ್ನು ಹಾಕಿ ಕುಳಿತಳು.

ಅವಳಿಗೆ ತೋಚಿದಾಗಲೆಲ್ಲ ಗಂಡನ ಕೈಗೆ ತಂಬಿಗೆ ಕೊಡುತ್ತಿದ್ದಳು. ಹಿಂದೆ ಮಂಕಾಗುತ್ತಿದ್ದಷ್ಟು ದಿನಗಳು ಕಳೆದವು. ಇನ್ನೂ ಕೆಲವು ದಿನಗಳು ಕಳೆದವು. ಯಮನಪ್ಪ ಅಂಗಡಿ ಮನೆತನವನ್ನು ಹೇಳಿದ, ಗೌಡರ ಮನೆತನವನ್ನು ಹೇಳಿದ. ಸಮಿತಿಯ ಸದಸ್ಯರು ಗಾಜಿನ ಈಚೆ ನಿಂತು ಕೇಳಿದರು. ಚಿತ್ರದಲ್ಲಿ ಊತವಿರಲಿಲ್ಲ. ಯಂತ್ರ ತೆಗೆಯುವ ಮಾತು ಅಲ್ಲಿಗೆ ನಿಂತಿತು.

“ಸಾಹೇಬ್ರ, ನಿಮ್ಮ ಮನೆತನಾನೂ ಹೇಳತಿದ್ನಿ,” ಎಂದ ಯಮನಪ್ಪ ಕೆದ್ಲಾಯರಿಗೆ. “ಆದ್ರ ಸಮುದ್ರದ ಕಡೀದು ನಮ್ಮ ಪಾಲಿಗೆ ಬರೂದಿಲ್ಲ.”

“ಬೇಡ ಮಾರಾಯ. ನಮ್ಮ ಅಜ್ಜಂದಿರು ಎಂತೆಂಥ ಕೆಲಸ ಮಾಡಿದ್ದಾರೋ, ಹೇಳದಿದ್ದರೇ ಒಳ್ಳೆಯದು.”

*

ಉಳಿದದ್ದು ಒಂದೇ ಪ್ರಶ್ನೆ. ಗಿರಿಜಾ ಸಂಧಿಪಾಲದ ಕಂಪನಗಳನ್ನು ಹೊಸದಾಗಿ ಶ್ರುತಿ ಮಾಡಿದ್ದರು. ಪೆಟ್ಟು ಬಿದ್ದ ಜಾಗವನ್ನು ಬಿಗಿಯಾಗಿಟ್ಟು ಆ ಸಣ್ಣ ಕಿಟಕಿಗಳನ್ನು ಮಾತ್ರ ತೆರೆಯಬಹುದೆಂದು ಅವರ ಲೆಕ್ಕ. ಲೆಕ್ಕ ತಪ್ಪಿದರೆ ಬೇರೆ ಬೆಸುಗೆಗಳೂ ಬಿಟ್ಟು ಊತ ಮರಳಬಹುದಿತ್ತು. ಹೊಸ ಶ್ರುತಿಯನ್ನು ಇನ್ನೂ ಯಾವ ಮನುಷ್ಯನ ಮೇಲೂ ಪ್ರಯೋಗಿಸಿರಲಿಲ್ಲ. ಅವರು ಏನನ್ನೂ ಮುಚ್ಚಿಡದೆ ಗಂಡ ಹೆಂಡತಿಯ ಮುಂದೆ ಹೇಳಿದರು.

“ಮಾಡದಿದ್ರೂ ನಡೀತದ,” ಎಂದರು. “ಕೈಗೊಂದು ಗಡಿಯಾರ ಕಟ್ಟತೇವಿ. ನೀರಿನ ಹೊತ್ತಿಗೆ ಅದು ಬಡೀತದ. ನೀ ಕುಡಿಯೂದು.”

“ಅಷ್ಟ ಅಲ್ಲೇನ್ರಿ!” ಯಮನಪ್ಪ ಹಗುರಾಗಿ ಉಸಿರು ಬಿಟ್ಟ. “ಗಡಿಯಾರ ಯಾಕ? ಇಕಿ ಅದಾಳಲ್ರಿ. ಗಡಿಯಾರಕ್ಕಿಂತ ಜೋರ ಬಡೀತಾಳ.”

ದುರಗವ್ವ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

“ನಾ ಇರೂತನಕಾ ಕೊಡತೇನ್ರಿ. ಊರವರೂ ಕೊಡತಾರ. ಆದ್ರ ಅವತ್ತ ಆ ಊರಾಗ ಬಾಗಲಿಗೆಲ್ಲಾ ಕೀಲಿ ಇದ್ದೂವಂತಲ್ಲ? ನೀವು ಜೋಡಿ ಇದ್ದ್ರಿ, ಪಾರಾದ್ರು. ನಾಳೆ ನಾ ಇಲ್ದಂಗ ಆಗಿ, ಹಂತಾದೊಂದ ಊರಾಗ ಇವರೊಬ್ಬರ ಕುಂತಾಗ?” ಅವಳು ಗಂಡನ ಕಡೆ ತಿರುಗಿದಳು. “ನಿಮಗ ನಿಮ್ಮ ನೀರಡಿಕಿ ಬೇಕ್ರಿ. ನನ್ನ ಕೊಡಪಾನ ಎಷ್ಟ ದಿನ ಹಿಡದೀತು?”

ಯಮನಪ್ಪ ತನ್ನ ಕಿವಿಯ ಹಿಂದಿನ ಉಬ್ಬನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ನೂರಾರು ಮನೆತನಗಳ ಹಿರಿಯರೆಲ್ಲ ಅದರ ಆಚೆಗೆ, ಒಂದು ತೆಳ್ಳನೆಯ ತಡೆಯ ಹಿಂದೆ, ಅವನನ್ನೇ ನಂಬಿ ಕುಳಿತಿದ್ದರು. ಕಿಟಕಿ ತೆರೆಯುವಾಗ ಬಾಗಿಲೇ ಒಡೆದರೆ ಅವರೆಲ್ಲ ಅವನೊಂದಿಗೇ ಹೋಗುವವರು.

“ಇಕಿ ಇಷ್ಟ ವರ್ಷದಾಗ ನನ್ನ ಏನೂ ಕೇಳಿಲ್ರಿ,” ಎಂದ. “ಇದೊಂದ ಕೇಳ್ಯಾಳ. ಮಾಡ್ರಿ.”

ಕೆಲಸ ನಡೆದದ್ದು ಬೆಳಗಿನ ಹೊತ್ತು. ಗಾಯವಿಲ್ಲ, ರಕ್ತವಿಲ್ಲ, ಪರದೆಯ ಮೇಲೆ ಒಂದು ಅಲೆ ತನ್ನ ಆಕಾರ ಬದಲಿಸಿತು, ಅಷ್ಟೇ. ಕೆದ್ಲಾಯರು ಊತದ ಪರದೆಯಿಂದ ಕಣ್ಣು ಕೀಳಲಿಲ್ಲ. ದಿನಗಳು ಹೋದವು, ಊತ ಬರಲಿಲ್ಲ. ಬಾಯಾರಿಕೆಯೂ ಬರಲಿಲ್ಲ. ದುರಗವ್ವ ಕೊಟ್ಟಾಗ ಅವನು ಕುಡಿಯುತ್ತಿದ್ದ, ಹಿಂದಿನಂತೆಯೇ.

“ಕೊಡುತ್ತಿದ್ದರೆ ಬರುವುದು ಹೇಗೆ?” ಎಂದರು ಕೆದ್ಲಾಯರು ಒಂದು ದಿನ. “ಇವತ್ತು ಕೊಡುವುದು ಬೇಡ. ಎಲ್ಲರೂ ಇಲ್ಲಿಯೇ ಇದ್ದೇವೆ. ರಕ್ತ ನೋಡುತ್ತಲೇ ಇರುವ. ಉಪ್ಪು ಗೆರೆ ದಾಟುವ ಮೊದಲು ನಿಲ್ಲಿಸುವ.”

ಆ ಬೆಳಿಗ್ಗೆ ದುರಗವ್ವ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕುಳಿತಳು. ಬಿಸಿಲಿನಿಂದ ಬಂದವರಿಗೂ ಬಾರದವರಿಗೂ ನೀರು ಕೊಟ್ಟ ಕೈಗೆ ಕೊಡದೆ ಕೂರುವುದು ಗೊತ್ತಿರಲಿಲ್ಲ. ಯಮನಪ್ಪ ಮಂಚದ ಮೇಲೆ ಕುಳಿತು ಕಾಲಕ್ಷೇಪಕ್ಕೆ ಮನೆತನಗಳನ್ನು ಹೇಳುತ್ತಿದ್ದ. ಸೂರ್ಯ ಕಿಟಕಿ ದಾಟಿದ. ಪರದೆಯ ಮೇಲೆ ಉಪ್ಪಿನ ಗೆರೆ ನಿಧಾನವಾಗಿ ಏರುತ್ತಿತ್ತು. ಗಿರಿಜಾ ತಮ್ಮ ಬಾಯಿಯೇ ಒಣಗಿದ್ದನ್ನು ಗಮನಿಸಿದರು. ಆದರೆ ಆ ಕೊಠಡಿಯಲ್ಲಿ ಅವನ ಎದುರಿಗೆ ನೀರು ಕುಡಿಯಲು ಯಾರಿಗೂ ಮನಸ್ಸಾಗಲಿಲ್ಲ.

ಅಂಗಡಿ ಮನೆತನ ಮುಗಿದು ಗೌಡರ ಮನೆತನ ಆರಂಭವಾಯಿತು. ಮೂಲ ಪುರುಷನ ಹೆಸರು ಬಂತು, ಅವನ ಮಗನ ಹೆಸರು ಬಂತು. ಮೊಮ್ಮಗನ ಹೆಸರಿಗೆ ಬಾಯಿ ತೆರೆದ ಯಮನಪ್ಪ ತಟ್ಟನೆ ನಿಂತ.

ಕೆದ್ಲಾಯರು ಕುರ್ಚಿಯಿಂದ ಅರ್ಧ ಎದ್ದರು. ಅವನ ಕೈ ಮಂಚದ ಪಟ್ಟಿಯನ್ನು ತಡಕಾಡುತ್ತಿತ್ತು. ನಾಲಿಗೆ ತುಟಿಯ ಮೇಲೆ ಒಮ್ಮೆ ಆಡಿತು, ಮತ್ತೊಮ್ಮೆ ಆಡಿತು. ಬಹಳ ದೂರದಿಂದ ಯಾರೋ ಕೂಗುತ್ತಿರುವುದನ್ನು ಆಲಿಸುವವನಂತೆ ಅವನು ತಲೆ ಓರೆ ಮಾಡಿದ.

“ದುರಗೀ,” ಎಂದ ಕೊನೆಗೆ, ಸಂಕೋಚದಿಂದ, ಪರರ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳುವವನ ದನಿಯಲ್ಲಿ. “ಒಂದೀಟು ನೀರ ಕೊಡ.”

ದುರಗವ್ವನಿಗಿಂತ ಮೊದಲು ಗೋಡೆ ಕೇಳಿಸಿಕೊಂಡಿತು. ಅಷ್ಟು ಕಾಲ ಕಾದು ಕುಳಿತಿದ್ದ ನಲ್ಲಿಯಿಂದ ನೀರು ಸದ್ದು ಮಾಡುತ್ತ ಬಟ್ಟಲಿಗೆ ಬಿತ್ತು; ಬಟ್ಟಲು ತುಂಬಿತು.

“ನೀ ಸುಮ್ಕಿರ!” ಎಂದು ದುರಗವ್ವ ಗೋಡೆಯನ್ನು ಗದರಿದಳು. “ನನ್ನ ಕೇಳ್ಯಾರವರು, ನಿನ್ನಲ್ಲ.”

ಅವಳು ಎದ್ದು, ಗಂಡನ ಅಂಗೈಯಲ್ಲಿ ಮೊದಲು ಬೆಲ್ಲದ ಚೂರನ್ನಿಟ್ಟಳು. ಅದರ ಮೇಲೆ ಅವಳ ಕಣ್ಣಿನ ಹನಿಯೊಂದು ಬಿದ್ದುದನ್ನು ಇಬ್ಬರೂ ನೋಡಲಿಲ್ಲವೆಂಬಂತೆ ಇದ್ದರು. ಆಮೇಲೆ ತಂಬಿಗೆ ಬಗ್ಗಿಸಿದಳು. “ನಿಧಾನಕ್ಕ ಕುಡೀರಿ,” ಎಂದಳು. ಅವನು ಕಣ್ಣು ಮುಚ್ಚಿ, ಒಂದೊಂದೇ ಗುಟುಕು, ಬೆಲ್ಲದ ಸಿಹಿಗಿಂತಲೂ ಹೆಚ್ಚಿನ ಏನನ್ನೋ ಸವಿಯುತ್ತ ಕುಡಿದ.

ತಂಬಿಗೆ ಕೆಳಗಿಟ್ಟು ಬಾಯೊರೆಸಿಕೊಂಡು, ಗೌಡರ ಮೊಮ್ಮಗನ ಹೆಸರನ್ನು ಹೇಳಿದ.